ಯಾವ ವರ್ಷದ ಬಣ್ಣ?

ಕಾಪುವಿನ ಲೈಟ್‌ಹೌಸ್ ಇಲ್ಲದ ಫೋನ್ ಗ್ಯಾಲರಿ ನಮ್ಮ ಕಡೆ ಸಿಗುವುದು ಕಷ್ಟ. ಮಣಿಪಾಲಕ್ಕೆ ಓದಲಿಕ್ಕೆ ಬಂದವರು, ಬೆಂಗಳೂರಿನಿಂದ ಲಾಂಗ್ ವೀಕೆಂಡಿಗೆ ಇಳಿದವರು, ಮದುವೆಗೆ ಮುಂಚೆ ಫೋಟೋಶೂಟ್ ಮಾಡಿಸುವವರು, ಎಲ್ಲರಿಗೂ ಆ ಬಂಡೆ, ಆ ಸಮುದ್ರ, ಆ ಕಪ್ಪು-ಬಿಳಿ ಪಟ್ಟಿಯ ಗೋಪುರ ಬೇಕು. 1901ರಲ್ಲಿ ಕಟ್ಟಿದ, ಸುಮಾರು 27 ಮೀಟರ್ ಎತ್ತರದ ಗೋಪುರ ಅದು. ಆದರೆ ಆ ಪಟ್ಟಿಗಳನ್ನು ಯಾರೂ ಚಂದಕ್ಕೆ ಬಳಿಯುವುದಿಲ್ಲ. ರಾತ್ರಿ ದೀಪ ಮಾಡುವ ಕೆಲಸವನ್ನು ಹಗಲಿನಲ್ಲಿ ಬಣ್ಣ ಮಾಡಬೇಕು. ಗೋಪುರ ಬರೀ ಬಿಳಿ ಇದ್ದರೆ ಮೋಡದ ಎದುರು ಕಾಣುವುದಿಲ್ಲ, ಬರೀ ಕಪ್ಪಾದರೆ ಹಿಂದಿನ ತೆಂಗಿನ ಸಾಲಿನಲ್ಲಿ ಸೇರಿಹೋಗುತ್ತದೆ. ಎರಡನ್ನೂ ಪಟ್ಟಿಪಟ್ಟಿಯಾಗಿ ಬಳಿದರೆ ದೂರದ ದೋಣಿಯವರಿಗೂ ‘ಇದು ಕಾಪು’ ಅಂತ ಗೊತ್ತಾಗುತ್ತದೆ. ಹಡಗಿನವರು ಇಟ್ಟುಕೊಳ್ಳುವ ದೀಪಗಳ ಪುಸ್ತಕದಲ್ಲಿ, ದೀಪ ಎಷ್ಟು ಸೆಕೆಂಡಿಗೊಮ್ಮೆ ಮಿನುಗುತ್ತದೆ ಎನ್ನುವುದರ ಜೊತೆಗೆ ಗೋಪುರದ ಆಕಾರ, ಬಣ್ಣಗಳನ್ನೂ ಬರೆದಿರುತ್ತಾರೆ.

ಹಾಗಾಗಿ ಇಲ್ಲಿ ಬಣ್ಣದ ಬಗ್ಗೆ ಚರ್ಚೆಗೆ ಜಾಗ ಕಡಿಮೆ. ಯಾರಿಗೋ ತಿಳಿ ಗುಲಾಬಿ ಇಷ್ಟ ಅಂತ ಗುಲಾಬಿ ಬಳಿಯಲಿಕ್ಕೆ ಆಗುವುದಿಲ್ಲ. ಆ ಬಣ್ಣವನ್ನು ಓದುವವರು ಸಮುದ್ರದಲ್ಲಿದ್ದಾರೆ, ಅವರಿಗೆ ಸುಳ್ಳು ಹೇಳಬಾರದು, ಅಷ್ಟೇ.

ನನ್ನ ತಲೆ ತಿನ್ನುತ್ತಿರುವುದು ಇಂಥ ಕೆಲಸವೇನೂ ಇಲ್ಲದ ಹಳೆ ಕಟ್ಟಡಗಳ ಬಣ್ಣ. ರೈಲ್ವೆ ಸ್ಟೇಷನ್, ಪೋಸ್ಟ್ ಆಫೀಸು, ಶಾಲೆ, ಗುತ್ತಿನ ಮನೆ. ಇವನ್ನು ಉಳಿಸಬೇಕು ಅಂತ ಯಾರಾದರೂ ಹೊರಟರೆ ಮೊದಲು ಬರುವ ಮಾತು, “ಒರಿಜಿನಲ್ ಬಣ್ಣವನ್ನೇ ಹೊಡೆಸುವ”. ಕೇಳಲಿಕ್ಕೆ ಎಷ್ಟು ಸಲೀಸು! ಆ ಒರಿಜಿನಲ್ ಬಣ್ಣ ಯಾವುದು? ಅದನ್ನು ಪತ್ತೆ ಮಾಡುವುದು ಹೇಗೆ? ಪತ್ತೆಯಾಯಿತು ಅಂತಲೇ ಇಟ್ಟುಕೊಳ್ಳಿ, ಅದನ್ನೇ ಬಳಿಯಬೇಕು ಎನ್ನುವ ನಿಯಮ ಎಲ್ಲಿಂದ ಬಂತು? ಮೊದಲೆರಡು ಪ್ರಶ್ನೆಗೆ ಮೈಕ್ರೋಸ್ಕೋಪು ಉತ್ತರ ಹೇಳೀತು. ಮೂರನೆಯದಕ್ಕೆ ನಾವೇ ಹೇಳಬೇಕು.

ಉಡುಪಿಗೆ ರೈಲು ಬಂದದ್ದೇ 1993ರಲ್ಲಿ, ಕೊಂಕಣ ರೈಲ್ವೆಯವರು ಮಂಗಳೂರಿನಿಂದ ಉಡುಪಿಯವರೆಗಿನ ತುಂಡನ್ನು ತೆರೆದಾಗ. ನಮ್ಮ ಸ್ಟೇಷನ್ನಿಗೆ ಇನ್ನೂ ಅಜ್ಜನಾಗುವ ವಯಸ್ಸಾಗಿಲ್ಲ. ಹಳೆ ಸ್ಟೇಷನ್ ಬೇಕಾದರೆ 1907ರಲ್ಲಿ ಶುರುವಾದ ಮಂಗಳೂರು ಸೆಂಟ್ರಲ್‌ಗೆ ಹೋಗಬೇಕು. ಬೆಂಗಳೂರಿನಲ್ಲಿರುವವರಾದರೆ ನಂದಿ ಬೆಟ್ಟಕ್ಕೆ ಹೋಗುವ ದಾರಿಯಲ್ಲೇ ನೋಡಬಹುದು. 1915ರಲ್ಲಿ ಬೆಂಗಳೂರು–ಚಿಕ್ಕಬಳ್ಳಾಪುರ ನಡುವೆ ಪುಟ್ಟ ನ್ಯಾರೋಗೇಜ್ ರೈಲು ಓಡಾಡಲು ಶುರುವಾಯಿತು. ಆ ಹಾದಿಯ ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್ ಸ್ಟೇಷನ್ನುಗಳು ಹೆಂಚಿನ ಮಾಡು ಹೊತ್ತ ಮನೆಗಳ ಹಾಗಿವೆ. ಈಚಿನ ವರ್ಷಗಳಲ್ಲಿ ಇಂಟ್ಯಾಕ್‌ನವರು ರೈಲ್ವೆಯ ಜೊತೆ ಸೇರಿ ಇವನ್ನು ಉಳಿಸುವ ಕೆಲಸಕ್ಕೆ ಕೈಹಾಕಿದರು. ಅದೇ ಹೊತ್ತಿಗೆ ದೇಶದ ತುಂಬ ಸ್ಟೇಷನ್ನುಗಳನ್ನು ಹೊಸದು ಮಾಡುವ ಅಮೃತ್ ಭಾರತ್ ಯೋಜನೆಯೂ ನಡೆಯುತ್ತಿದೆ. ಅಂದರೆ ಸಾವಿರಾರು ಹಳೆ ಗೋಡೆಗಳ ಎದುರು ಯಾರೋ ಒಬ್ಬರು ಬಣ್ಣದ ಡಬ್ಬಿ ಹಿಡಿದು ನಿಂತಿದ್ದಾರೆ, ಅಥವಾ ನಿಲ್ಲಲಿದ್ದಾರೆ.

ಆ ಒಬ್ಬರಿಗೆ ಗೋಡೆಯ ಹಳೆ ಬಣ್ಣ ತಿಳಿಯಬೇಕಾದರೆ ಏನು ಮಾಡಬೇಕು? ಎಲ್ಲರಿಗೂ ಮೊದಲು ನೆನಪಾಗುವುದು ಹಳೆ ಫೋಟೋ. ಅದು ಕಪ್ಪು-ಬಿಳುಪು, ಆದರೂ ಗಾಢ ಯಾವುದು ತಿಳಿ ಯಾವುದು ಎಂದಾದರೂ ಗೊತ್ತಾಗುತ್ತದಲ್ಲ ಅಂತ ನಾವು ಅಂದುಕೊಳ್ಳುತ್ತೇವೆ. ಆಗುವುದಿಲ್ಲ. ಹಳೆಯ ಫೋಟೋ ಪ್ಲೇಟುಗಳಿಗೆ ಕೆಂಪು ಕಾಣುತ್ತಲೇ ಇರಲಿಲ್ಲ, ನೀಲಿ ಮಾತ್ರ ಅತಿಯಾಗಿ ಕಾಣುತ್ತಿತ್ತು. ಹಾಗಾಗಿ ನೂರು ವರ್ಷದ ಹಿಂದಿನ ಫೋಟೋದಲ್ಲಿ ನಮ್ಮ ಕೆಂಪು ಹೆಂಚಿನ ಮಾಡು ಇದ್ದಿಲಿನ ಹಾಗೆ ಕಪ್ಪು, ನೀಲಿ ಆಕಾಶ ಸುಣ್ಣದ ಹಾಗೆ ಬಿಳಿ. ಕೆಂಪು ಬಾಗಿಲು ಕರಿಯದಾಗಿಯೂ ನೀಲಿ ಬಾಗಿಲು ಬಿಳಿಯದಾಗಿಯೂ ಕಾಣುತ್ತದೆ. ಆ ಫೋಟೋ ನೋಡಿ ಬಣ್ಣ ತೀರ್ಮಾನಿಸಿದರೆ ದೇವರೇ ಗತಿ.

ಗಟ್ಟಿ ಸಾಕ್ಷಿ ಇರುವುದು ಗೋಡೆಯಲ್ಲೇ. ಬಿಸಿಲು ಮಳೆ ತಾಗದ, ಯಾರೂ ಉಜ್ಜದ ಜಾಗ ಹುಡುಕಬೇಕು. ಚಿಲಕದ ಹಿಂದೆ, ಬಿಜಾಗರಿಯ ಅಡಿಯಲ್ಲಿ, ಮಾಡಿನ ಇಳಿಜಾರು ಗೋಡೆಗೆ ಸೇರುವ ಸಂದಿಯಲ್ಲಿ. ಅಲ್ಲಿ ಚೂಪಾದ ಬ್ಲೇಡಿನಿಂದ ಒಂದೊಂದೇ ಪದರ ಕೆರೆಯುತ್ತಾ ಹೋದರೆ ಕಡಿದ ಮರದ ವರ್ಷದ ಉಂಗುರದ ಹಾಗೆ ಬಣ್ಣದ ಮೆಟ್ಟಿಲು ಕಾಣುತ್ತದೆ. ಅಕ್ಕಿಕಾಳಿನಷ್ಟು ತುಣುಕನ್ನು ಎಬ್ಬಿಸಿ ಅಡ್ಡ ಕೊಯ್ದು ಮೈಕ್ರೋಸ್ಕೋಪಿನಡಿ ಇಟ್ಟರೆ ಇನ್ನೂ ಸ್ಪಷ್ಟ. ಅಲ್ಲಿ ಪದರಗಳ ನಡುವೆ ತೆಳು ಕಪ್ಪು ಗೆರೆಗಳಿರುತ್ತವೆ. ಅದು ಧೂಳು, ಹೊಗೆ. ಎರಡು ಪದರದ ನಡುವೆ ಧೂಳಿನ ಗೆರೆ ಇದ್ದರೆ ಕೆಳಗಿನ ಬಣ್ಣ ಕೆಲವು ವರ್ಷ ಗಾಳಿಗೆ ತೆರೆದುಕೊಂಡಿತ್ತು, ಜನ ಅದನ್ನು ನೋಡಿದ್ದರು ಅಂತ ಅರ್ಥ. ಗೆರೆ ಇಲ್ಲದಿದ್ದರೆ ಅದು ಬರೀ ಅಸ್ತರಿ, ಅಂದರೆ ಪ್ರೈಮರ್. ಇದು ಗೊತ್ತಿಲ್ಲದೆ ಎಷ್ಟೋ ಕಡೆ ಕಬ್ಬಿಣದ ಕಂಬದ ಕೇಸರಿ-ಕೆಂಪು ಪ್ರೈಮರನ್ನೇ ‘ಮೂಲ ಬಣ್ಣ’ ಅಂದುಕೊಳ್ಳುವ ಅಪಾಯ ಉಂಟು.

ಪದರದಲ್ಲಿ ಟೈಟಾನಿಯಂ ಬಿಳಿ ಸಿಕ್ಕಿದರೆ ಅದು 1920ರ ದಶಕಕ್ಕಿಂತ ಹಿಂದಿನದಲ್ಲ ಎಂದು ಹೆಚ್ಚುಕಡಿಮೆ ಖಚಿತವಾಗಿ ಹೇಳಬಹುದು, ಅದಕ್ಕಿಂತ ಮುಂಚೆ ಆ ಬಣ್ಣ ಪೇಟೆಯಲ್ಲಿರಲಿಲ್ಲ. ನಮ್ಮ ಕರಾವಳಿಯ ಗೋಡೆಯಾದರೆ ಇನ್ನೊಂದು ಗಮ್ಮತ್ತು: ಚಿಪ್ಪು ಸುಟ್ಟು ಮಾಡಿದ ಸುಣ್ಣ. ಪ್ರತಿ ದೀಪಾವಳಿಗೋ ಊರ ಜಾತ್ರೆಗೋ ಒಂದೊಂದು ಕೋಟು. ಐವತ್ತು ವರ್ಷದ ಸುಣ್ಣ ಪುಸ್ತಕದ ಹಾಳೆಯ ಹಾಗೆ ಒಂದರ ಮೇಲೊಂದು ಕೂತಿರುತ್ತದೆ. ಬಿಳಿ ಇನ್ನಷ್ಟು ಬಿಳಿಯಾಗಿ ಕಾಣಲಿ ಅಂತ ಯಾವುದೋ ವರ್ಷ ಯಾರೋ ಬಟ್ಟೆಯ ನೀಲಿ ಸೇರಿಸಿರುತ್ತಾರೆ, ಆ ಹಾಳೆ ಮಾತ್ರ ತಿಳಿನೀಲಿ.

ಕೊನೆಗೆ ಸಿಕ್ಕಿದ ಬಣ್ಣಕ್ಕೆ ಹೆಸರು ಕೊಡಬೇಕು. ‘ಹಸಿರು’ ಅಂದರೆ ಸಾಲದು, ಪಾಚಿಯ ಹಸಿರೋ, ಗಿಳಿಯ ಹಸಿರೋ, ಬಸಳೆಯ ಹಸಿರೋ? ಅದಕ್ಕೇ ಅಮೆರಿಕದ ಆಲ್ಬರ್ಟ್ ಮನ್ಸೆಲ್ ಕಳೆದ ಶತಮಾನದ ಆರಂಭದಲ್ಲಿ ಒಂದು ಪದ್ಧತಿ ಮಾಡಿದರು. ಯಾವ ಬಣ್ಣ, ಎಷ್ಟು ತಿಳಿ, ಎಷ್ಟು ಗಾಢ ಎನ್ನುವ ಮೂರು ಅಳತೆಯಲ್ಲಿ ಯಾವ ಬಣ್ಣವನ್ನೂ ಬರೆದಿಡಬಹುದು. ಡಬ್ಬಿಯ ಕಂಪೆನಿ ಮುಚ್ಚಿದರೂ ಅಂಕಿ ಉಳಿಯುತ್ತದೆ.

ಇಷ್ಟೆಲ್ಲ ನಾನು ಓದಿ ತಿಳಿದುಕೊಂಡದ್ದಕ್ಕೆ ಕಾರಣ ಯಾವ ಸ್ಟೇಷನ್ನೂ ಅಲ್ಲ. ಕಾರ್ಕಳದ ಹತ್ತಿರದ ಅಮ್ಮನ ತವರುಮನೆಯ ಮುಂಬಾಗಿಲು. ಆ ಮನೆಯನ್ನು ಹೋಮ್‌ಸ್ಟೇ ಮಾಡುವುದು ಅಂತ ಮಾವನ ಮಗ ತೀರ್ಮಾನಿಸಿದ. ಹಾಗಾದರೂ ಮನೆ ಉಳಿದೀತು ಅಂತ ಎಲ್ಲರಿಗೂ ಸಮಾಧಾನ. ಬಾಗಿಲಿಗೆ ಸದ್ಯ ಇದ್ದದ್ದು ಚಾಕಲೇಟ್ ಕಂದು. “ಅದನ್ನು ತೆಗೆದು ಮೊದಲಿನ ಬಣ್ಣ ಹಾಕುವ, ಹೆರಿಟೇಜ್ ಲುಕ್ ಬರ್ತದೆ” ಅಂದ ಅವನು. ಮೊದಲಿನ ಬಣ್ಣ ನೀಲಿ ಅಂತ ಮಾವ. ಹಸಿರು ಅಂತ ದೊಡ್ಡಮ್ಮ.

“ನೀನು ಹುಟ್ಟುವ ಮೊದಲೇ ನಾನು ಆ ಬಾಗಿಲು ಒರೆಸಿದವಳು. ನನಗೆ ಹೇಳ್ತಿಯಾ?” ಅಂದರು ದೊಡ್ಡಮ್ಮ.

“ಅಕ್ಕ, ನಾನು ಅದೇ ಬಾಗಿಲಿಗೆ ತಲೆ ಬಡಿಸಿಕೊಂಡು ಹೊಲಿಗೆ ಹಾಕಿಸಿಕೊಂಡದ್ದು ಮರ್ತಿತಾ? ನೀಲಿ ಅದು” ಅಂದರು ಮಾವ.

ಎಂಬತ್ತು ದಾಟಿದ ಅಕ್ಕನೂ ಎಪ್ಪತ್ತರ ಹತ್ತಿರದ ತಮ್ಮನೂ ಎರಡು ದಿನ ಮಾತು ಬಿಟ್ಟರು. ಪೈಂಟ್ ಮಾಡಲಿಕ್ಕೆ ಬಂದವರು ಬಹಳ ವರ್ಷದ ಅನುಭವದವರು, ಜಗಳ ಕೇಳಿ ನಕ್ಕು, “ಎಂತಕ್ಕೆ ಚರ್ಚೆ ಮಾರಾಯ್ರೆ, ಚಿಲಕ ಬಿಚ್ಚಿ ನೋಡುವ” ಅಂದರು. ಬಿಚ್ಚಿದರು. ಕಂದಿನ ಅಡಿಯಲ್ಲಿ ನೀಲಿ. ನೀಲಿಯ ಅಡಿಯಲ್ಲಿ ಹಸಿರು. ಹಸಿರಿನ ಅಡಿಯಲ್ಲಿ ಬಣ್ಣವೇ ಇಲ್ಲ, ಮರಕ್ಕೆ ಕುಡಿಸಿದ ಗೇರೆಣ್ಣೆಯ ಕಪ್ಪು. ಗೆದ್ದಲು ಬಾರದ ಹಾಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚುವುದು ಇಲ್ಲಿಯ ಹಳೆ ಪದ್ಧತಿ.

ಇಬ್ಬರೂ ಸರಿ, ಅವರವರ ವರ್ಷಕ್ಕೆ. ಆದರೆ ನಿಜವಾಗಿ ‘ಮೊದಲಿನದು’ ಎನ್ನಬೇಕಾದ ಕಪ್ಪು ಅಲ್ಲಿದ್ದ ಯಾರ ನೆನಪಿನಲ್ಲೂ ಇರಲಿಲ್ಲ. ಅದನ್ನು ಕಂಡವರೆಲ್ಲ ತೀರಿಹೋಗಿದ್ದರು.

ಇನ್ನೊಂದು ವಿಷಯವೂ ಆಯಿತು. ಕೆರೆದಾಗ ಸಿಕ್ಕಿದ ಹಸಿರನ್ನು ತೋರಿಸಿದರೆ ದೊಡ್ಡಮ್ಮ ತಲೆ ಆಡಿಸಿದರು. “ಇದಲ್ಲ ಮಗಾ. ಇಷ್ಟು ಕೆಸರು ಕೆಸರು ಇರ್ಲಿಲ್ಲ, ತಿಳಿ ಇತ್ತು.” ಮುದುಕಿಗೆ ಮರೆವು ಅಂತ ಎಲ್ಲರೂ ಮುಗುಳ್ನಕ್ಕರು. ಆದರೆ ಎಣ್ಣೆಬಣ್ಣದ ಗುಣವೇ ಹಾಗೆ. ಅಗಸೆ ಎಣ್ಣೆಯಲ್ಲಿ ಅರೆದ ಬಣ್ಣ ಬೆಳಕಿಲ್ಲದ ಕಡೆ ವರ್ಷಾನುಗಟ್ಟಲೆ ಮುಚ್ಚಿಕೊಂಡಿದ್ದರೆ ಹಳದಿಗಟ್ಟುತ್ತದೆ, ಬೆಳಕಿಗೆ ಇಟ್ಟರೆ ಆ ಹಳದಿ ಸ್ವಲ್ಪ ಇಳಿಯುತ್ತದೆ. ಹಳೆ ಬಣ್ಣದ ಪರೀಕ್ಷೆ ಮಾಡುವವರು ತುಣುಕನ್ನು ಕೆಲವು ದಿನ ಬೆಳಕಿಗೆ ಇಟ್ಟೇ ಬಣ್ಣ ಅಳೆಯುತ್ತಾರೆ. ನಾವೂ ಒಂದು ತುಣುಕನ್ನು ಎರಡು ವಾರ ಕಿಟಕಿಯಲ್ಲಿ ಇಟ್ಟೆವು. ತಿಳಿಯಾಯಿತು. ದೊಡ್ಡಮ್ಮ ನೋಡಿ, “ಹಾಂ, ಈಗ ಹತ್ತಿರ ಬಂತು” ಅಂದರು. ನೆನಪು ಸುಳ್ಳು, ವಸ್ತು ಸತ್ಯ ಅಂತ ಅಷ್ಟು ಸುಲಭಕ್ಕೆ ಹೇಳಲಿಕ್ಕೆ ಬರುವುದಿಲ್ಲ. ವಸ್ತುವೂ ಮುಪ್ಪಾಗುತ್ತದೆ.

ಈಗ ಮೂರನೇ ಪ್ರಶ್ನೆಗೆ ಬರೋಣ. ಪದರಗಳು ಸಿಕ್ಕಿದವು, ಮೊದಲನೆಯದು ಯಾವುದು ಎಂದೂ ಗೊತ್ತಾಯಿತು. ಹಾಗಾದರೆ ಮೊದಲನೆಯದನ್ನೇ ಬಳಿಯಬೇಕೇ?

ನಮಗೆಲ್ಲ ‘ಮೊದಲು’ ಎನ್ನುವುದರ ಮೇಲೆ ಒಂದು ಮೋಹ ಉಂಟು. ಮೊದಲು ಇದ್ದದ್ದು ಶುದ್ಧ, ಆಮೇಲೆ ಸೇರಿದ್ದು ಕಲಬೆರಕೆ. ಬಣ್ಣದ ವಿಷಯದಲ್ಲಿ ಈ ತರ್ಕವನ್ನು ಸ್ವಲ್ಪ ಎಳೆದು ನೋಡಿ. ಅಮೆರಿಕದ ಕೇಪ್ ಹ್ಯಾಟೆರಸ್ ಲೈಟ್‌ಹೌಸ್ ಜಗತ್ತಿಗೆಲ್ಲ ಗೊತ್ತಿರುವುದು ಮೈಗೆ ಸುತ್ತಿಕೊಂಡ ಕಪ್ಪು-ಬಿಳಿ ಸುರುಳಿ ಪಟ್ಟಿಯಿಂದ. ಅದರ ದೀಪ ಹೊತ್ತಿದ್ದು 1870ರಲ್ಲಿ, ಸುರುಳಿ ಬಂದದ್ದು 1873ರಲ್ಲಿ. ಮೊದಲಿನ ಬಣ್ಣವೇ ಬೇಕು ಅಂತ ಹಟ ಹಿಡಿದರೆ ಮೂರು ವರ್ಷ ಮಾತ್ರ ಇದ್ದ ಮೈಬಣ್ಣಕ್ಕಾಗಿ ಒಂದೂವರೆ ಶತಮಾನದ ಗುರುತನ್ನು ಅಳಿಸಬೇಕು.

ಐಫೆಲ್ ಗೋಪುರದವರು ಇದನ್ನು ಹೇಗೆ ನಿಭಾಯಿಸಿದರು ನೋಡಿ. 1889ರಲ್ಲಿ ತೆರೆದಾಗ ಅದು ಕೆಂಪು-ಕಂದು. ಆಮೇಲೆ ಹಲವು ಸಲ ಬಣ್ಣ ಬದಲಾಯಿತು. 2024ರ ಒಲಿಂಪಿಕ್ಸಿಗೆ ಸಜ್ಜಾಗುವಾಗ ಅವರು ಆರಿಸಿದ್ದು 1889ರ ಬಣ್ಣವನ್ನಲ್ಲ, 1907ರ ಹಳದಿ-ಕಂದನ್ನು. ಆ ಆಯ್ಕೆ ಸರಿಯೋ ತಪ್ಪೋ ಬೇರೆ ಮಾತು. ನನಗೆ ಹಿಡಿಸಿದ್ದು ಅವರು ವರ್ಷವನ್ನು ಹೇಳಿದ್ದು. ‘ಮೂಲ ಬಣ್ಣ’ ಅಂತ ಕೈತೊಳೆದುಕೊಳ್ಳದೆ ‘1907ರ ಬಣ್ಣ’ ಅಂದರು. ವರ್ಷ ಹೇಳಿದ ಕೂಡಲೇ ಎದುರಿನವರು ಯಾಕೆ ಆ ವರ್ಷ ಅಂತ ಕೇಳಬಹುದು. ‘ಮೂಲ’ ಅಂದರೆ ಯಾರೂ ಏನೂ ಕೇಳುವ ಹಾಗಿಲ್ಲ, ಅದೊಂದು ದೇವರ ವಾಕ್ಯದ ಹಾಗೆ ಬಾಯಿ ಮುಚ್ಚಿಸುತ್ತದೆ.

ಯಾವ ವರ್ಷ ಎನ್ನುವ ಪ್ರಶ್ನೆಯೊಳಗೆ ಯಾರ ವರ್ಷ ಎನ್ನುವ ಪ್ರಶ್ನೆ ಕೂತಿರುತ್ತದೆ. ಒಂದು ಹಳೆ ಸ್ಟೇಷನ್ನಿಗೆ ಅದು ಶುರುವಾದ ವರ್ಷದ ಬಣ್ಣ ಬಳಿದರೆ ಅದನ್ನು ಕಟ್ಟಿಸಿದ ಕಂಪೆನಿಯವರ, ನೀಲನಕ್ಷೆ ಬರೆದ ಎಂಜಿನಿಯರರ ಇಷ್ಟವನ್ನು ಗೌರವಿಸಿದ ಹಾಗಾಯಿತು. ಆಮೇಲಿನ ಎಪ್ಪತ್ತೆಂಬತ್ತು ವರ್ಷ ಅದೇ ಸ್ಟೇಷನ್ನಿನಲ್ಲಿ ಟಿಕೆಟ್ ಹರಿದವರು, ಕೂಲಿ ಮಾಡಿದವರು, ಮುಂಬಯಿಗೆ ಹೊರಟ ಮಗನನ್ನು ಬೀಳ್ಕೊಟ್ಟವರು, ಏಣಿ ಹತ್ತಿ ಬಣ್ಣ ಹಚ್ಚಿದವರು ಕಂಡದ್ದು ಬೇರೆ ಬಣ್ಣಗಳನ್ನು. ಬೋಗಿಯನ್ನೇ ತೆಗೆದುಕೊಳ್ಳಿ. ನನ್ನ ವಯಸ್ಸಿನವರಿಗೆ ರೈಲು ಅಂದರೆ ನೀಲಿ, ಅಪ್ಪನ ವಯಸ್ಸಿನವರಿಗೆ ಇಟ್ಟಿಗೆ ಕೆಂಪು. 1990ರ ದಶಕದಲ್ಲಿ ನೀಲಿ ಬರುವವರೆಗೆ ದೇಶದ ಬಹುಪಾಲು ಬೋಗಿಗಳು ಆ ಕೆಂಪಿನವೇ. ಯಾವುದು ಅಸಲಿ? ಎರಡೂ ಅಸಲಿ, ಅದರಲ್ಲಿ ಕೂತು ಹೋದವರಿಗೆ.

ಹಾಗಂತ ನಿಮಗೆ ಬೇಕಾದದ್ದು ಹಚ್ಚಿ ಅಂತ ನಾನು ಹೇಳುತ್ತಿಲ್ಲ. ಎಲ್ಲ ಪದರವೂ ಅಸಲಿ ಅಂದ ಕೂಡಲೇ “ಹಾಗಾದರೆ ನನ್ನದೂ ಒಂದು ಪದರ” ಅಂತ ಯಾರಾದರೂ ಡಬ್ಬಿ ತಂದಾರು. ಅದಕ್ಕೂ ಮುಂಚೆ ನಮ್ಮಲ್ಲಿ ಇನ್ನೂ ದೊಡ್ಡ ಕಾಯಿಲೆ ಒಂದುಂಟು, ಹಳೆಯದು ಅಂದರೆ ಬಣ್ಣವೇ ಇರಬಾರದು ಎನ್ನುವುದು. ಹಳೆ ಮನೆಯ ಗಾರೆ ಕಿತ್ತು ಮುರಕಲ್ಲನ್ನು ಬೆತ್ತಲೆ ಮಾಡಿ, ಮೇಲೆ ಕ್ಲಿಯರ್ ಕೋಟ್ ಹೊಡೆದು ‘ಟ್ರೆಡಿಷನಲ್’ ಅನ್ನುವುದು ಈಗಿನ ಫ್ಯಾಶನ್. ನನ್ನ ಮಾವನ ಮಗನ ಪ್ಲಾನಿನಲ್ಲೂ ಇತ್ತು. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಊರಿನಲ್ಲಿ ತೂತು ತೂತಾದ ಆ ಕಲ್ಲಿಗೆ ಗಾರೆ-ಸುಣ್ಣವೇ ಕೊಡೆ. ಅದನ್ನು ಕಿತ್ತರೆ ಗೋಡೆ ನೀರು ಕುಡಿಯುತ್ತದೆ, ಪಾಚಿ ಹಿಡಿಯುತ್ತದೆ. ಮೇಲಾಗಿ ಸುಣ್ಣ ಬಳಿದ ಗೋಡೆಯನ್ನು ಬೆತ್ತಲೆ ಮಾಡಿದಾಗ ನಾವು ಯಾವ ವರ್ಷಕ್ಕೂ ಮರಳುವುದಿಲ್ಲ. ಆ ಗೋಡೆ ಯಾವತ್ತೂ ಹಾಗಿರಲಿಲ್ಲ.

ಕಾರ್ಕಳದ ಚತುರ್ಮುಖ ಬಸದಿಯ ಕಲ್ಲು ನೋಡಿ ಬೆಳೆದವರಿಗೆ ಬೋಳು ಕಲ್ಲೇ ಪುರಾತನದ ಬಣ್ಣ ಅನ್ನಿಸುವುದು ಸಹಜ. 1586ರ ಆ ಕಟ್ಟಡದ ಗಾಂಭೀರ್ಯ ಆ ಬೂದು ಕಲ್ಲಿನಲ್ಲೇ ಇದೆ. ಆದರೆ ಅದನ್ನೇ ಎಲ್ಲ ಕಡೆಗೂ ಅನ್ವಯಿಸಲಾಗದು. ಎಲ್ಲೋರದ ಕೈಲಾಸ ದೇಗುಲಕ್ಕೆ ಒಂದು ಕಾಲದಲ್ಲಿ ಬಿಳಿ ಗಾರೆ, ಅದರ ಮೇಲೆ ಬಣ್ಣ ಇತ್ತು, ಚೂರುಗಳು ಇವತ್ತೂ ಕಾಣುತ್ತವೆ. ಪುರಿಯ ಜಗನ್ನಾಥ ದೇಗುಲವನ್ನು ಸಮುದ್ರದಿಂದ ನೋಡುತ್ತಿದ್ದ ಯುರೋಪಿನ ನಾವಿಕರು ‘ಬಿಳಿ ಪಗೋಡ’ ಅಂತಲೂ ಕೋನಾರ್ಕವನ್ನು ‘ಕರಿ ಪಗೋಡ’ ಅಂತಲೂ ಕರೆಯುತ್ತಿದ್ದರು. ನಮ್ಮ ಕಾಪುವಿನ ಗೋಪುರದ ಕೆಲಸವನ್ನೇ ಆ ದೇಗುಲಗಳು ತಮಗೆ ತಿಳಿಯದೆ ಮಾಡುತ್ತಿದ್ದವು. ಆ ಬಿಳಿಗೆ ಕಾರಣ ಶತಮಾನಗಳ ಕಾಲ ಪದರ ಪದರವಾಗಿ ಕೂತಿದ್ದ ಸುಣ್ಣದ ಗಾರೆ. 1970ರ ದಶಕದಿಂದ ಪುರಾತತ್ವ ಇಲಾಖೆ ಆ ಗಾರೆಯನ್ನು ತೆಗೆಯುತ್ತಾ ಬಂದಾಗ ಅಡಿಯಲ್ಲಿ ಮುಚ್ಚಿಹೋಗಿದ್ದ ಶಿಲ್ಪಗಳು ಹೊರಬಂದವು. ಕಲ್ಲಿನ ಬಿರುಕುಗಳನ್ನು ನೋಡಿ ರಿಪೇರಿ ಮಾಡಲಿಕ್ಕೂ ಅದು ಬೇಕಿತ್ತು. ನಾವಿಕರು ಕಂಡ ಬಿಳಿ ಮಾತ್ರ ಹೋಯಿತು. ಇಲ್ಲಿ ಗಳಿಕೆಯೂ ನಿಜ, ನಷ್ಟವೂ ನಿಜ. ಯಾವುದೋ ಒಂದನ್ನು ಬಿಡಲೇಬೇಕಾಗುತ್ತದೆ, ಬಿಟ್ಟದ್ದನ್ನು ಒಪ್ಪಿಕೊಳ್ಳಬೇಕು.

ಉಲ್ಟಾ ಉದಾಹರಣೆಯೂ ನಮ್ಮ ಕರಾವಳಿಯಲ್ಲೇ ಉಂಟು. ಕಾವಿ ಕಲೆ. ಗೋವಾದಿಂದ ಇತ್ತ ಹಳೆ ದೇವಸ್ಥಾನಗಳ ಗೋಡೆಯಲ್ಲಿ ಸುಣ್ಣದ ಬಿಳಿ ಗಾರೆಯ ಮೇಲೆ ಕೆಂಪು ಕಾವಿಮಣ್ಣಿನ ತೆಳು ಪದರ ಹಚ್ಚಿ, ಹಸಿ ಇರುವಾಗಲೇ ಚೂಪು ಕಡ್ಡಿಯಿಂದ ಗೀರಿ ಅಡಿಯ ಬಿಳಿಯನ್ನು ಚಿತ್ರವಾಗಿ ಕಾಣಿಸುವುದು. ಕೃಷ್ಣಾನಂದ ಕಾಮತರು ಊರೂರು ತಿರುಗಿ ಇದನ್ನು ದಾಖಲಿಸಿದರು. ಜೀರ್ಣೋದ್ಧಾರದ ಭಕ್ತಿಯಲ್ಲಿ ಎಷ್ಟೋ ಕಡೆ ಇಂಥ ಗೋಡೆಗಳು ಒಡೆದುಹೋಗಿವೆ, ಇಲ್ಲವೇ ಹೊಳೆಯುವ ಪೈಂಟಿನಡಿ ಸೇರಿವೆ. ಅಲ್ಲಿ ಮೇಲಿನ ಪದರಕ್ಕೂ ಸಮಾನ ಹಕ್ಕು ಅಂತ ವಾದಿಸಲು ನನಗೆ ಮನಸ್ಸಿಲ್ಲ. ಒಂದು ಪದರದಲ್ಲಿ ಒಂದು ಕೈಕಸುಬಿನ ತಿಳುವಳಿಕೆ ಇಡೀ ಇದ್ದರೆ ಅದನ್ನು ಮುಚ್ಚುವ ಪದರ ತನ್ನ ಸಮರ್ಥನೆಯನ್ನು ಗಟ್ಟಿಯಾಗಿ ಕೊಡಬೇಕು.

ಹಾಗಾದರೆ ನಿಷ್ಠೆ ಯಾವುದಕ್ಕೆ? ನಿಖರತೆಗೇ ಅನ್ನೋಣವೇ? ಅದಕ್ಕೂ ಒಂದು ಮಿತಿ ಇದೆ. ರೈಲಿನ ಸಿಗ್ನಲ್ ಮೊದಲ ಕಾಲದಲ್ಲಿ ಹೇಗಿತ್ತು ಗೊತ್ತೇ? ಇಂಗ್ಲೆಂಡಿನಲ್ಲಿ ಕೆಂಪು ಅಂದರೆ ನಿಲ್ಲು, ಹಸಿರು ಅಂದರೆ ಜಾಗ್ರತೆ, ಬಿಳಿ ಅಂದರೆ ಹೋಗು. ಕೆಂಪು ಗಾಜು ಒಡೆದು ಬಿದ್ದರೆ ಹಿಂದಿನ ದೀಪ ಬಿಳಿಯಾಗಿ ಕಾಣುತ್ತಿತ್ತು, ಡ್ರೈವರು ಹೋಗು ಅಂದುಕೊಳ್ಳುವ ಅಪಾಯ. 19ನೇ ಶತಮಾನದ ಕೊನೆಗೆ ಬಿಳಿಯನ್ನು ಬಿಟ್ಟು ಹಸಿರನ್ನೇ ‘ಹೋಗು’ ಮಾಡಿದರು. ಇವತ್ತು ಯಾರಾದರೂ ಇತಿಹಾಸಕ್ಕೆ ನಿಷ್ಠೆ ಅಂತ ಓಡುವ ಹಾದಿಯಲ್ಲಿ ಹಳೆ ಬಿಳಿ ಸಿಗ್ನಲ್ ಹಾಕಿದರೆ ಅದು ಕೊಲೆ. ಮ್ಯೂಸಿಯಂನಲ್ಲಿ ಹಾಕಿದರೆ ಪಾಠ. ಹಾಗೆಯೇ ಹಳೆ ಪೈಂಟಿನಲ್ಲಿ ಸೀಸ ಇರುತ್ತಿತ್ತು. ಮನೆಬಳಕೆಯ ಪೈಂಟಿನಲ್ಲಿ ಸೀಸ 90 ಪಿಪಿಎಂ ಮೀರಬಾರದು ಎನ್ನುವ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರಲ್ಲಿ. ಮೂಲ ಬಣ್ಣ ಅಂತ ಯಾರೂ ಮಕ್ಕಳ ಕೈಗೆ ತಾಗುವ ಬಾಗಿಲಿಗೆ ಸೀಸ ಹಚ್ಚುವುದಿಲ್ಲ, ಹಚ್ಚಬಾರದು. ಹಳೆ ಬಾಗಿಲನ್ನು ಒಣಗಿದ್ದಾಗ ಸ್ಯಾಂಡ್‌ಪೇಪರ್ ಹಾಕಿ ಉಜ್ಜಿ ಧೂಳೆಬ್ಬಿಸುವುದೂ ಅದೇ ಕಾರಣಕ್ಕೆ ಬೇಡ.

“ಇಷ್ಟು ತಲೆಬಿಸಿ ಬೇಕಾ, ಬರೀ ಪೈಂಟ್ ಅಲ್ವಾ?” ಅಂತ ನೀವು ಕೇಳಬಹುದು. ಆಫೀಸಿನ ಸ್ನೇಹಿತರೊಬ್ಬರು ಕೇಳಿಯೂ ಆಯಿತು. ಸ್ಟೇಷನ್ನಿನಲ್ಲಿ ಕುಡಿಯುವ ನೀರು, ಶೌಚಾಲಯ ಸರಿ ಇಲ್ಲದಿರುವಾಗ ಗೋಡೆಯ ಬಣ್ಣಕ್ಕೆ ಮೈಕ್ರೋಸ್ಕೋಪ್ ಹಿಡಿಯುವುದು ಹೊಟ್ಟೆ ತುಂಬಿದವರ ಹವ್ಯಾಸ ಅಂತ ಅವರ ವಾದ. ನೀರು ಮೊದಲು ಎನ್ನುವುದರಲ್ಲಿ ಎರಡು ಮಾತಿಲ್ಲ. ಆದರೆ ಬಣ್ಣಕ್ಕೆ ಹೇಗೂ ಹಣ ಖರ್ಚಾಗುತ್ತದೆ, ಹೇಗೂ ಯಾರೋ ಆರಿಸುತ್ತಾರೆ. ಚಿಲಕ ಬಿಚ್ಚಿ ನೋಡಲಿಕ್ಕೆ ಹತ್ತು ನಿಮಿಷ, ಬರೆದಿಡಲಿಕ್ಕೆ ಇನ್ನು ಹತ್ತು. ದುಬಾರಿಯಾಗುವುದು ಪೂರ್ತಿ ಕೆರೆದು ಹಾಕುವುದು. ಮತ್ತೆ, ‘ಇದು ನೂರು ವರ್ಷದ ಹಿಂದೆ ಹೀಗಿತ್ತು’ ಎಂದು ಬೋರ್ಡು ಹಾಕಿ ತೋರಿಸುವುದು ಒಂದು ಹೇಳಿಕೆ. ನೋಡಿದ ಮಕ್ಕಳು ನಂಬುತ್ತಾರೆ. ಸಾಕ್ಷಿ ಇಲ್ಲದೆ ಹೇಳಿದರೆ ಅದನ್ನು ಸುಳ್ಳು ಅಂತಲೇ ಕರೆಯಬೇಕು, ಹೇಳಿಕೆ ಗೋಡೆಯ ಮೇಲಿರಲಿ ಪುಸ್ತಕದಲ್ಲಿರಲಿ.

ಮಣಿಪಾಲದಲ್ಲಿ ಹಸ್ತಶಿಲ್ಪದ ಹೆರಿಟೇಜ್ ವಿಲೇಜ್ ನೋಡಿದವರಿಗೆ ವಿಜಯನಾಥ ಶೆಣೈ ಅವರ ಕೆಲಸ ಗೊತ್ತಿರುತ್ತದೆ. ಬೀಳಲಿದ್ದ ಹಳೆ ಮನೆಗಳನ್ನು ತೊಲೆ, ಕಂಬ, ಬಾಗಿಲು ಸಮೇತ ಬಿಚ್ಚಿ ತಂದು ಮತ್ತೆ ಕಟ್ಟಿ ನಿಲ್ಲಿಸಿದರು. ಕುಂಜೂರಿನ ಚೌಕಿಮನೆ, ಮಿಯಾರಿನ ಮನೆ, ಎಲ್ಲ ಒಂದೇ ಆವರಣದಲ್ಲಿ. ತನ್ನ ಊರಿನಿಂದ ಎದ್ದು ಬಂದ ಮನೆ ಒರಿಜಿನಲ್ಲೇ ಅಂತ ವಾದ ಮಾಡುವವರು ಮಾಡಲಿ. ಅವರು ಹಾಗೆ ಮಾಡದಿದ್ದರೆ ವಾದ ಮಾಡಲಿಕ್ಕೆ ಮನೆಯೇ ಇರುತ್ತಿರಲಿಲ್ಲ. ಉಳಿಸುವವರು ಯಾವಾಗಲೂ ಏನನ್ನಾದರೂ ಬದಲಿಸಿಯೇ ಉಳಿಸುತ್ತಾರೆ. ಏನನ್ನು ಬದಲಿಸಿದೆವು ಅಂತ ಹೇಳುವುದು ಅವರ ಮೇಲಿನ ಋಣ.

ನಮ್ಮ ಬಾಗಿಲಿಗೆ ಕೊನೆಗೆ ಹಸಿರು ಬಳಿದೆವು. ಅದು ಮೊದಲಿನ ಬಣ್ಣ ಅಂತ ಅಲ್ಲ. ಆ ಬಾಗಿಲನ್ನು ಅತಿ ಹಿಂದಿನಿಂದ ಕಂಡು ಬದುಕಿರುವವರು ದೊಡ್ಡಮ್ಮ ಅಂತ. ಇದು ವಿಜ್ಞಾನದ ಕಾರಣ ಅಲ್ಲ, ಪ್ರೀತಿಯ ಕಾರಣ, ಹಾಗೆಂದೇ ಒಪ್ಪಿಕೊಂಡೆವು. ಮಾವನಿಗೆ ಸಮಾಧಾನ ಆಗಲಿಲ್ಲ, ಆಗಬೇಕು ಅಂತಲೂ ಇಲ್ಲ. ಅವರ ನೀಲಿ ಚಿಲಕದ ಹಿಂದೆ ಹಾಗೇ ಇದೆ. ಆ ಅಂಗೈಯಗಲದ ಜಾಗವನ್ನು ಪೈಂಟಿನವರು ಕೆರೆಯದೆ, ಬಳಿಯದೆ ಬಿಟ್ಟರು. ಯಾವ ವರ್ಷ, ಯಾವ ಶೇಡ್ ನಂಬರ್, ಯಾಕೆ ಹಸಿರು ಅಂತ ಒಂದು ಚೀಟಿಯಲ್ಲಿ ಬರೆದು ಮನೆಯ ಕಾಗದಪತ್ರದ ಜೊತೆ ಇಟ್ಟೆವು. ಬರುವ ಅತಿಥಿಗಳಿಗೆ ‘ಒರಿಜಿನಲ್’ ಅನ್ನಬೇಡ ಅಂತ ಮಾವನ ಮಗನಿಗೆ ಹೇಳಿದ್ದೇನೆ. ಕೇಳುತ್ತಾನೋ ಇಲ್ಲವೋ.

ದೊಡ್ಡ ಕಟ್ಟಡಗಳಿಗೂ ನಾನು ಕೇಳುವುದು ಇಷ್ಟೇ. ಬಳಿಯುವ ಮುಂಚೆ ನೋಡಿ. ಒಂದು ಮೂಲೆಯಲ್ಲಿ ಎಲ್ಲ ಪದರಗಳನ್ನೂ ಹಾಗೇ ಬಿಡಿ. ಆರಿಸಿದ ಬಣ್ಣಕ್ಕೆ ವರ್ಷ ಬರೆಯಿರಿ, ಕಾರಣ ಬರೆಯಿರಿ. ಕಾರಣ ದುರ್ಬಲವಾಗಿದ್ದರೂ ಪರವಾಗಿಲ್ಲ, ಮುಂದಿನವರು ಅದನ್ನು ಓದಿ ಬೇರೆ ತೀರ್ಮಾನಕ್ಕೆ ಬರಬಹುದು. ಕೆರೆದು ಹಾಕಿದರೆ ಅವರಿಗೆ ಆ ಅವಕಾಶವೇ ಇಲ್ಲ. ಐವತ್ತು ವರ್ಷದ ಮೇಲೆ ಯಾರೋ ಒಬ್ಬರು ಅಕ್ಕಿಕಾಳಿನಷ್ಟು ತುಣುಕು ಎಬ್ಬಿಸಿ ನೋಡುತ್ತಾರೆ. ಅಡಿಯಿಂದ ಎಣಿಸಿಕೊಂಡು ನಮ್ಮ ಪದರಕ್ಕೆ ಬರುತ್ತಾರೆ, ಅದರ ಮೇಲೆ ಧೂಳಿನ ಗೆರೆ ಇದೆಯೇ ಅಂತ ನೋಡುತ್ತಾರೆ, ಇದ್ದರೆ ಇಷ್ಟು ವರ್ಷ ಜನ ಈ ಬಣ್ಣದ ಎದುರು ಓಡಾಡಿದರು ಅಂತ ಪುಸ್ತಕದಲ್ಲಿ ಬರೆದುಕೊಂಡು ಮುಂದಿನ ಪದರಕ್ಕೆ ಹೋಗುತ್ತಾರೆ.